ಮನೆಯ ಮೊಲಕ್ಕೆ ಹುಲ್ಲಿನ ರುಚಿ ಕಲಿಸುವುದು



ಈ ಹೊತ್ತು ರಾಗಿಯ ಮಾತಿಲ್ಲ, ಗೊಬ್ಬರದ ಮಾತೂ ಇಲ್ಲ. ಮೊಲದ ಮಾತು. "ಇದೇನಪ್ಪ, ಹಸು ಎಮ್ಮೆ ಬಿಟ್ಟು ಮೊಲಕ್ಕೆ ಬಂದರು ಇವರು" ಎಂದು ತಾವು ನಗಬಹುದು. ನಗಿ, ಚಿಂತೆಯಿಲ್ಲ. ಆದರೆ ನಾನು ಸುತ್ತುವ ಹೋಬಳಿಯಲ್ಲಿ ಎಷ್ಟೋ ಮನೆಗಳ ಜಗಲಿಯ ಮೇಲೆ ಈಗ ಒಂದು ಗೂಡು, ಗೂಡಿನೊಳಗೆ ಒಂದೋ ಎರಡೋ ಬಿಳೀ ಮೊಲ ಕಾಣುತ್ತವೆ. ಜಾತ್ರೆಯಲ್ಲಿ ಮಗು ಹಟ ಹಿಡಿಯಿತು, ತಂದೆ ಕೊಡಿಸಿದ, ಪೇಟೆಯಿಂದ ಬಂದ ನೆಂಟರು ತಂದುಕೊಟ್ಟರು, ಹೀಗೆ ಬಂದದ್ದು. ಆರು ತಿಂಗಳೋ ಒಂದು ವರ್ಷವೋ ಚೆನ್ನಾಗಿ ಓಡಾಡಿಕೊಂಡಿರುತ್ತದೆ. ಆಮೇಲೆ ಒಂದು ದಿನ ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಮುದುರಿಕೊಂಡು ಕೂತಿದೆ. ಮಾರನೆಯ ದಿನ ಇಲ್ಲ. ಮಗು ಅಳುತ್ತದೆ. ಮನೆಯವರು ಬೆಕ್ಕು ಹೆದರಿಸಿತು ಅನ್ನುತ್ತಾರೆ, ದೃಷ್ಟಿಯಾಯಿತು ಅನ್ನುತ್ತಾರೆ, ಮೊಲದ ಆಯುಸ್ಸೇ ಅಷ್ಟು ಅನ್ನುತ್ತಾರೆ. ಮೊಲದ ಆಯುಸ್ಸು ಅಷ್ಟಲ್ಲ. ಸರಿಯಾಗಿ ಮೇಯಿಸಿದರೆ ಮನೆಯ ಮೊಲ ಎಂಟು ಹತ್ತು ವರ್ಷ ಬಾಳುತ್ತದೆ. ಇಂಥ ಸಾವಿನ ಸುದ್ದಿ ಬಂದಲ್ಲಿ ನಾನು ಮೊದಲು ನೋಡುವುದು ಅದರ ತಟ್ಟೆಯನ್ನು. ತಟ್ಟೆಯಲ್ಲಿ ಅನ್ನ, ಮುದ್ದೆ, ಬಿಸ್ಕತ್ತು, ಕ್ಯಾರೆಟ್ಟು ಎಲ್ಲಾ ಇರುತ್ತದೆ. ಹುಲ್ಲು ಮಾತ್ರ ಇರುವುದಿಲ್ಲ.

ಹುಲ್ಲು ಹಾಕಿ ಎಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ನಮ್ಮದು ಹುಲ್ಲು ಮುಟ್ಟೋದೇ ಇಲ್ಲ ಸಾರ್." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಇಂಥ ಕಡೆಯೇ ಹುಟ್ಟಿರಬೇಕು. ಮುಟ್ಟುತ್ತದೆ, ಕಲಿಸಬೇಕು. ಹೇಗೆ ಕಲಿಸಬೇಕು, ಎಷ್ಟು ನಿಧಾನವಾಗಿ ಕಲಿಸಬೇಕು ಎಂಬುದೇ ಇವತ್ತಿನ ವಿಷಯ. ಈ ನಿಧಾನ ಎಂಬ ಮಾತನ್ನು ಈಗಲೇ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಳ್ಳಿ. ಕೆಟ್ಟ ಮೇವಿನಿಂದ ಮೊಲ ತಿಂಗಳುಗಟ್ಟಲೆ ಸೊರಗುತ್ತದೆ. ಒಳ್ಳೆಯದು ಮಾಡಹೋಗಿ ಒಂದೇ ದಿನದಲ್ಲಿ ಮೇವು ಬದಲಾಯಿಸಿದರೆ ಎರಡು ದಿನದಲ್ಲಿ ಸಾಯಲೂಬಹುದು.

ಈ ಮೊಲ ನಮ್ಮ ಹೊಲದ ಬದುವಿನಿಂದ ಚಂಗನೆ ನೆಗೆದು ಓಡುವ ಕಾಡುಮೊಲವಲ್ಲ ಎಂಬುದು ಮೊದಲು ತಿಳಿದಿರಲಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಾದುದರಿಂದ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಕಾಡುಮೊಲದ ಮರಿ ಮೈತುಂಬ ಕೂದಲಿಟ್ಟುಕೊಂಡು, ಕಣ್ಣು ಬಿಟ್ಟೇ ಹುಟ್ಟುತ್ತದೆ. ಗೂಡಿನ ಮೊಲದ ಮರಿ ಕಣ್ಣು ಮುಚ್ಚಿಕೊಂಡು ಬರಿಮೈಯಲ್ಲಿ ಹುಟ್ಟುತ್ತದೆ. ಕಾಡುಮೊಲವನ್ನು ಹಿಡಿದು ತರುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆ ಗೋಜಿಗೆ ಹೋಗಬೇಡಿ. ಗೂಡಿನ ಮೊಲದ ಮೂಲ ಸೀಮೆ ಸ್ಪೇನ್, ಪೋರ್ಚುಗಲ್ ಕಡೆ. ಅಲ್ಲಿನ ಒಣ ಬಯಲಿನಲ್ಲಿ ಬಿಲ ತೋಡಿಕೊಂಡು, ಒರಟು ಹುಲ್ಲು ಕಡಿದುಕೊಂಡು ಬದುಕಿದ ಕುಲ ಅದು. ಅದರ ಬಾಯಿ, ಹೊಟ್ಟೆ, ಕರುಳು ಎಲ್ಲವೂ ಆ ಹುಲ್ಲಿಗೆ ತಕ್ಕ ಹಾಗೆ ಆದದ್ದು.

ಬಾಯಿಂದಲೇ ಶುರು ಮಾಡೋಣ. ಮೊಲಕ್ಕೆ ೨೮ ಹಲ್ಲು. ಅವು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು ೨ ಮಿಲಿಮೀಟರು ಬೆಳೆಯುತ್ತದೆ. ಹುಲ್ಲನ್ನು ಬೀಸುಕಲ್ಲಿನ ಹಾಗೆ ಅಡ್ಡಡ್ಡವಾಗಿ ಅರೆದರೆ ಮಾತ್ರ ಹಿಂದಿನ ದವಡೆ ಹಲ್ಲುಗಳು ಸಮನಾಗಿ ಸವೆಯುತ್ತವೆ. ಅನ್ನಕ್ಕೆ, ಮುದ್ದೆಗೆ, ಬ್ರೆಡ್ಡಿಗೆ ಅರೆಯುವ ಕೆಲಸವೆಲ್ಲಿದೆ? ಸವೆಯದ ಹಲ್ಲು ಮೊನೆಯಾಗಿ ಬೆಳೆದು ನಾಲಿಗೆಗೂ ಕೆನ್ನೆಗೂ ಚುಚ್ಚುತ್ತದೆ. ಅಂಥ ಮೊಲ ಮೇವಿನ ಹತ್ತಿರ ಬರುತ್ತದೆ, ಮೂಸುತ್ತದೆ, ತಿನ್ನದೆ ಹಿಂದಕ್ಕೆ ಹೋಗುತ್ತದೆ. ಜೊಲ್ಲು ಸುರಿದು ಗದ್ದದ ಕೂದಲು ಒದ್ದೆಯಾಗಿರುತ್ತದೆ. ಇಂಥ ಗುರುತು ಕಂಡರೆ ಮೇವು ಬದಲಾಯಿಸುವ ಮೊದಲು ಪಶುವೈದ್ಯರಿಗೆ ತೋರಿಸಿ. ನೋಯುವ ಬಾಯಿಗೆ ಹುಲ್ಲು ಹಾಕಿ, ತಿನ್ನಲಿಲ್ಲ ಎಂದು ಅದನ್ನು ಬೈದು ಫಲವಿಲ್ಲ.

ಇನ್ನು ಹೊಟ್ಟೆ. ಮೊಲ ವಾಂತಿ ಮಾಡಲಾರದು. ಒಳಗೆ ಹೋದದ್ದು ಹಿಂದಿನ ದಾರಿಯಿಂದಲೇ ಹೊರಗೆ ಬರಬೇಕು. ಹಸುವಿಗೆ ಹುಲ್ಲು ಹುದುಗುವ ಚೀಲ ಮುಂದೆ ಇದೆ ಎಂಬುದು ತಮಗೆ ಗೊತ್ತು. ಮೊಲಕ್ಕೆ ಆ ಚೀಲ ಹಿಂದೆ ಇದೆ; ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆ. ಕುರುಡು ಕರುಳು ಎನ್ನುತ್ತಾರೆ. ನಮ್ಮ ದೇಹದಲ್ಲಿ ಅದು ಸಣ್ಣದು. ಮೊಲದಲ್ಲಿ ಹೊಟ್ಟೆಗಿಂತಲೂ ದೊಡ್ಡದು. ಈ ಚೀಲದೊಳಗೆ ಕಣ್ಣಿಗೆ ಕಾಣದ ಜೀವಾಣುಗಳು ಕೋಟಿಗಟ್ಟಲೆ ವಾಸವಾಗಿವೆ. ದೋಸೆಹಿಟ್ಟು ರಾತ್ರಿಯೆಲ್ಲ ಹುದುಗುವುದಿಲ್ಲವೆ? ಅದೇ ರೀತಿ ಇಲ್ಲಿ ಹುಲ್ಲಿನ ಅಂಶ ಹುದುಗಿ ಮೊಲಕ್ಕೆ ಆಹಾರವಾಗುತ್ತದೆ.

ಹುದುಗಿದ್ದನ್ನು ಮೊಲ ಹೇಗೆ ಉಪಯೋಗಿಸುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಅದು ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನಾವು ದಿನಾ ಗುಡಿಸುವ ಗಟ್ಟಿ, ಗುಂಡು ಹಿಕ್ಕೆ. ಇನ್ನೊಂದು ಮೆತ್ತಗೆ, ಕಪ್ಪಗೆ, ಪುಟ್ಟ ದ್ರಾಕ್ಷಿಗೊಂಚಲಿನ ಹಾಗೆ ಅಂಟಿಕೊಂಡು ಬರುವುದು. ಇದನ್ನು ಮೊಲ ನೆಲಕ್ಕೆ ಬೀಳಲು ಬಿಡದೆ, ಬಾಯಿಯಿಟ್ಟು ನೇರವಾಗಿ ನುಂಗಿಬಿಡುತ್ತದೆ. ಹೆಚ್ಚಾಗಿ ರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಇದು ನಡೆಯುತ್ತದೆ. ಕಂಡವರು "ಥೂ, ಹೊಲಸು ತಿನ್ನುತ್ತೆ" ಎಂದು ಹೊಡೆಯಲು ಹೋಗುತ್ತಾರೆ. ಹೊಡೆಯಬೇಡಿ. ಹಸು ಮೆಲುಕು ಹಾಕುವುದನ್ನು ತಾವು ಹೊಲಸು ಎನ್ನುತ್ತೀರಾ? ಇದೂ ಮೊಲದ ಪಾಲಿನ ಮೆಲುಕೇ. ಸಸಾರಜನಕ, ಬಿ ಜೀವಸತ್ವಗಳು ಅದಕ್ಕೆ ಈ ಮೆತ್ತನೆಯ ಹಿಕ್ಕೆಯಿಂದಲೂ ದೊರೆಯುತ್ತವೆ.

ಇಂಥ ಕರುಳಿಗೆ ಮುದ್ದೆ, ಬಿಸ್ಕತ್ತು ಹೋದರೆ ಏನಾಗುತ್ತದೆ? ಕರುಳು ಮುಂದಕ್ಕೆ ಸರಿಯುವುದಕ್ಕೆ ಉದ್ದ ನಾರು ಬೇಕು. ಅದಿಲ್ಲದೆ ಕರುಳಿನ ಓಟ ಮಂದವಾಗುತ್ತದೆ. ಜೀರ್ಣವಾಗದ ಪಿಷ್ಟ, ಸಕ್ಕರೆ ಕುರುಡು ಕರುಳಿಗೆ ಇಳಿದು, ಒಳ್ಳೆಯ ಜೀವಾಣು ಕಡಿಮೆಯಾಗಿ ಕೆಟ್ಟವು ಹೆಚ್ಚುತ್ತವೆ. ಗಾಳಿ ತುಂಬುತ್ತದೆ, ಹೊಟ್ಟೆ ನೋಯುತ್ತದೆ. ನೋವಿಗೆ ಮೊಲ ತಿನ್ನುವುದನ್ನು ಬಿಡುತ್ತದೆ. ತಿನ್ನುವುದು ಬಿಟ್ಟರೆ ಕರುಳು ಇನ್ನೂ ನಿಲ್ಲುತ್ತದೆ. ಈ ಸುಳಿಗೆ ಸಿಕ್ಕಿದ ಮೊಲವೇ ತಾವು ಕಂಡ, ಮೂಲೆಯಲ್ಲಿ ಮುದುರಿ ಕೂತ ಮೊಲ.

ಬೊಜ್ಜಿನ ಕಾಟ ಬೇರೆ. ಕೊಬ್ಬಿದ ಮೊಲದ ಬಾಯಿ ಅದರ ಹಿಂಭಾಗಕ್ಕೆ ಎಟಕುವುದಿಲ್ಲ. ಮೆತ್ತನೆಯ ಹಿಕ್ಕೆ ತಿನ್ನಲಾರದೆ ಬಾಲದ ಬುಡಕ್ಕೆ ಮೆತ್ತಿಕೊಳ್ಳುತ್ತದೆ. ಅಲ್ಲಿ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಮಳೆಗಾಲದಲ್ಲಿ ಇದು ಒಂದೆರಡು ದಿನದ ಕೆಲಸ. ಕುರಿ ಸಾಕಿದವರಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾರೆಟ್ಟಿನ ವಿಷಯ ಒಂದು ಮಾತು. ಮಕ್ಕಳ ಪುಸ್ತಕದಲ್ಲಿ, ಚಿತ್ರದಲ್ಲಿ ಮೊಲದ ಕೈಗೆ ಕ್ಯಾರೆಟ್ಟು ಕೊಟ್ಟವರು ಯಾರೋ ಕಾಣೆ; ಮೊಲ ಸಾಕಿದವರಂತೂ ಇರಲಾರರು. ಅದು ಸಿಹಿಗಡ್ಡೆ. ವಾರಕ್ಕೆ ಒಂದೆರಡು ಸಲ, ಹೆಬ್ಬೆರಳಿನ ತುದಿಯಷ್ಟು ಸಾಕು. ಅದರ ಮೇಲಿನ ಸೊಪ್ಪನ್ನು ನಾವು ಕಿತ್ತು ಬಿಸಾಡುತ್ತೇವೆ. ಮೊಲಕ್ಕೆ ಬೇಕಾದದ್ದು ಆ ಸೊಪ್ಪು.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ತಟ್ಟೆಗಿಂತ ಮೊದಲು ಗೋದಲಿ ಇರಬೇಕು ಎನ್ನುತ್ತೇನೆ. ದೊಡ್ಡ ಮೊಲದ ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲು. ದಿನಕ್ಕೆ ಅದರ ಮೈಯಷ್ಟು ಗಾತ್ರದ ಒಣಹುಲ್ಲಿನ ಕಂತೆ, ಹಗಲೂ ರಾತ್ರಿ ಎದುರಿಗಿರಬೇಕು. ನಮ್ಮಲ್ಲಿ ಅದಕ್ಕೆ ಬಡತನವಿಲ್ಲ. ಬದುವಿನ ಗರಿಕೆಗೆ ಸಮನಾದದ್ದು ಇನ್ನೊಂದಿಲ್ಲ. ಗಿನಿ ಹುಲ್ಲು, ರೋಡ್ಸ್ ಹುಲ್ಲು ಆಗುತ್ತದೆ. ನೇಪಿಯರ್ ಆದರೆ ದಂಟು ಬಲಿಯುವ ಮುಂಚೆ ಕೊಯ್ದು, ಎಲೆ ಕೊಡಿ. ರಾಗಿಹುಲ್ಲನ್ನು ಇವುಗಳ ಜೊತೆಗೆ ಬೆರೆಸಬಹುದು, ಹಲ್ಲಿಗೆ ಒಳ್ಳೆಯ ಕೆಲಸ. ಆದರೆ ಕಾಳು ಬಲಿತ ಮೇಲಿನ ಹುಲ್ಲಾದುದರಿಂದ ಸತ್ವ ಸಾಲದು, ಅದೊಂದನ್ನೇ ನೆಚ್ಚಬೇಡಿ. ಭತ್ತದ ಹುಲ್ಲು ಹಾಸಿಗೆಗೆ ಸರಿ.

ಹುಲ್ಲು ಒಣಗಿಸುವುದರಲ್ಲಿ ನಮ್ಮವರದು ಅಸಡ್ಡೆ. ಹೂವಾಡುವ ಹೊತ್ತಿಗೆ ಕೊಯ್ಯಿರಿ. ಹರವಿ, ಎರಡು ಮೂರು ಸಲ ಮಗುಚಿ ಒಂದು ದಿನ ಬಿಸಿಲು ತೋರಿಸಿ, ಆಮೇಲೆ ನೆರಳಿಗೆ ತನ್ನಿ. ಹಸಿರು ಬಣ್ಣ ಉಳಿದಿರಬೇಕು, ಮುರಿದರೆ ಲಟಕ್ಕೆನ್ನಬೇಕು, ಮೂಸಿದರೆ ಘಮ್ಮೆನ್ನಬೇಕು. ಅಟ್ಟದ ಮೇಲೋ ಹಲಗೆಯ ಮೇಲೋ ಇಡಿ. ಬೂಷ್ಟು ವಾಸನೆ ಬಂದ ಹುಲ್ಲನ್ನು ತಿಪ್ಪೆಗೆ ಹಾಕಿ; ಮೊಲಕ್ಕೆ ಬೂಷ್ಟು ವಿಷ. ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಬೂಷ್ಟಂತೂ ಈಲಿಯನ್ನೇ ತಿಂದುಹಾಕುತ್ತದೆ.

ಸೊಪ್ಪು: ಎರಡು ಕಿಲೊ ತೂಗುವ ಮೊಲಕ್ಕೆ ದಿನಕ್ಕೆ ಎರಡು ಹಿಡಿ. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಹಿಪ್ಪುನೇರಳೆ ಎಲೆ, ಹೀಗೆ ಬದಲಿಸುತ್ತ ಕೊಡಿ. ಪಾಲಕ್, ದಂಟು ಆಗೊಮ್ಮೆ ಈಗೊಮ್ಮೆ. ಎಲೆಕೋಸು ಗಾಳಿ ಹುಟ್ಟಿಸಬಹುದು, ಕಡಿಮೆ ಮಾಡಿ. ತೊಳೆದು, ನೀರು ಬಸಿದು ಕೊಡಬೇಕು. ಹಿಪ್ಪುನೇರಳೆಗಾಗಲಿ ತರಕಾರಿಗಾಗಲಿ ಔಷಧಿ ಹೊಡೆದಿದ್ದರೆ ಅದರ ಕಡೆ ತಿರುಗಿಯೂ ನೋಡಬೇಡಿ. ಅಂಗಡಿಯಲ್ಲಿ ಮಾರುವ ಗುಳಿಗೆ ಆಹಾರ ಕೊಡಲೇಬೇಕೆಂದಿಲ್ಲ. ಕೊಡುವುದಾದರೆ ಕಿಲೊ ತೂಕಕ್ಕೆ ೨೫ ಗ್ರಾಮಿಗೆ ಮೀರಬಾರದು, ನಾರಿನ ಅಂಶ ಶೇಕಡ ೧೮ಕ್ಕಿಂತ ಕಡಿಮೆಯಿರಬಾರದು. ಚೀಲದ ಮೇಲೆ ಅಚ್ಚು ಹಾಕಿರುತ್ತಾರೆ, ಓದಿ ನೋಡಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಮೊಲ ಸಾಕಣೆಯ ಪುಸ್ತಕ ಓದಿದ ಕೆಲವು ಯುವಕರು "ಅದರಲ್ಲಿ ಕಾಳು, ಹಿಂಡಿ, ಬೂಸಾ ಕೊಡಿ ಅಂತ ಬರೆದಿದೆಯಲ್ಲ" ಎಂದು ಕೇಳುತ್ತಾರೆ. ಬರೆದಿರುವುದು ಸರಿಯೇ. ರಾಜಸ್ಥಾನದ ಅವಿಕಾನಗರದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಕೊಡೈಕೆನಾಲಿನ ಹತ್ತಿರ ಮನ್ನವನೂರಿನಲ್ಲಿರುವ ಅದರ ಕೇಂದ್ರ, ಇವುಗಳು ಮೊಲದ ಮೇಲೆ ಒಳ್ಳೆಯ ಕೆಲಸ ಮಾಡಿವೆ. ಆದರೆ ಮಾಂಸಕ್ಕೆ ಸಾಕುವವನಿಗೆ ಮೊಲ ಕೆಲವೇ ತಿಂಗಳಲ್ಲಿ ತೂಕಕ್ಕೆ ಬರಬೇಕು. ತಮ್ಮ ಮಗುವಿಗೆ ಅದು ಹತ್ತು ವರ್ಷ ಜೊತೆಗಿರಬೇಕು. ಲೆಕ್ಕ ಬೇರೆ, ಮೇವೂ ಬೇರೆ.

ಈಗ ಬದಲಾಯಿಸುವ ಕ್ರಮಕ್ಕೆ ಬರುತ್ತೇನೆ. ಒಂದು ಮನೆಯಲ್ಲಿ ನಡೆದದ್ದನ್ನೇ ಹೇಳಿದರೆ ತಮಗೆ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಆ ಮನೆಯ ಮೊಲದ ಹೆಸರು ಬೆಳ್ಳಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬುಟ್ಟಿ ಸಮೇತ ತೂಗಿ, ಬುಟ್ಟಿಯ ತೂಕ ಕಳೆದಾಗ ೨ ಕಿಲೊ ೬೦೦ ಗ್ರಾಂ. ಬೆನ್ನು ಸವರಿದರೆ ಮೂಳೆಯೇ ಕೈಗೆ ಸಿಗದು. ಬೆಳಿಗ್ಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಮಧ್ಯಾಹ್ನ ಒಂದು ಕ್ಯಾರೆಟ್ಟು, ಸಂಜೆ ಅವ್ವನ ಕಾಫಿಯ ಜೊತೆಗೆ ನಾಲ್ಕು ಬಿಸ್ಕತ್ತು. ಇದು ಅದರ ದಿನಚರಿ.

"ಅವ್ವ, ಇದಕ್ಕೆ ಹುಲ್ಲು ಅಭ್ಯಾಸ ಮಾಡಿಸಬೇಕು" ಎಂದೆ.

"ಹೋಗಪ್ಪ ಮಗ, ಹುಲ್ಲು ಹಾಕಕ್ಕೆ ಇದೇನು ಹಸಾನಾ? ನನ್ ಮೊಮ್ಮಗನ ಹಂಗೆ ಸಾಕಿವ್ನಿ. ಬಿಸ್ಕತ್ ಪಟ್ಟಣ ಸದ್ದಾದ್ರೆ ಸಾಕು, ಎದ್ದು ನಿಂತ್ಕತದೆ."

ಅವ್ವನ ಪ್ರೀತಿ ಸುಳ್ಳಲ್ಲ. ಅದರ ಮೇಲೆ ಜಗಳ ತೆಗೆದರೆ ಕೆಲಸ ಕೆಟ್ಟಿತು. ಕೊಡುವ ಕೈ ನಿಲ್ಲಬಾರದು. ಕೈಯಲ್ಲಿರುವುದು ಬದಲಾಗಬೇಕು, ಅಷ್ಟೆ.

ಮೊದಲನೆಯ ವಾರ ಯಾವುದನ್ನೂ ಕಡಿಮೆ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. "ಹಸಿದರೆ ತಾನೇ ತಿನ್ನುತ್ತೆ" ಎಂದು ಉಪವಾಸ ಕೆಡವುವವರಿದ್ದಾರೆ. ಎಮ್ಮೆ, ಹಸುವಿಗೆ ನಡೆದೀತು. ಮೊಲಕ್ಕೆ ಬೇಡವೇ ಬೇಡ. ಅದರಲ್ಲೂ ಕೊಬ್ಬಿದ ಮೊಲ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಈಲಿಗೆ ನುಗ್ಗಿ ಪ್ರಾಣಕ್ಕೇ ಬರುತ್ತದೆ. ಆದುದರಿಂದ ಹಳೆಯ ತಿಂಡಿಯೆಲ್ಲ ಇದ್ದ ಹಾಗೇ ಇದ್ದು, ಜೊತೆಗೆ ಹುಲ್ಲು ಬಂತು. ಹುಡುಗ ಹಳೆಯ ಬಿದಿರು ಬುಟ್ಟಿಯನ್ನು ಗೂಡಿನ ಪಕ್ಕಕ್ಕೆ ಕಟ್ಟಿ, ಬೆಳ್ಳಿ ಹಿಕ್ಕೆ ಹಾಕುವ ಮೂಲೆಯ ಮೇಲೆಯೇ ಗೋದಲಿ ಮಾಡಿದ. ಮೊಲಕ್ಕೆ ಹಿಕ್ಕೆ ಹಾಕುತ್ತ ಮೇಯುವ ಅಭ್ಯಾಸ ಉಂಟು, ಅದರ ಉಪಯೋಗ ಪಡೆದದ್ದು. ಬೆಳಗಿನ ಜಾವ ಮತ್ತು ಸಂಜೆ ಕತ್ತಲಾಗುವ ಹೊತ್ತು ಅದಕ್ಕೆ ಹಸಿವು ಜಾಸ್ತಿ. ಹೊಸ ಹುಲ್ಲನ್ನು ಆಗಲೇ ಹಾಕಿ, ತಿಂಡಿಯನ್ನು ಒಂದು ಗಂಟೆ ತಡೆದು ಕೊಟ್ಟರು. ಎರಡು ದಿನ ಮೂಸಿ ಬಿಟ್ಟಿತು. ಮೂರನೆಯ ದಿನ ಅವ್ವನೇ ಒಂದು ಉಪಾಯ ಮಾಡಿದರು: ಒಂದು ಬಿಸ್ಕತ್ತನ್ನು ಪುಡಿಮಾಡಿ ಹುಲ್ಲಿನ ಮೇಲೆ ಉದುರಿಸಿ, ಕೊತ್ತಂಬರಿ ಸೊಪ್ಪನ್ನು ಅಂಗೈಯಲ್ಲಿ ಹೊಸಕಿ ಹುಲ್ಲಿಗೆ ಸವರಿದರು. ಪುಡಿ ನೆಕ್ಕುವ ನೆಪದಲ್ಲಿ ನಾಲ್ಕು ಎಳೆ ಒಳಗೆ ಹೋಯಿತು. ಅಷ್ಟೇ ಬೇಕಾಗಿದ್ದದ್ದು.

ಎರಡನೆಯ ವಾರ ಮುದ್ದೆ, ಬಿಸ್ಕತ್ತು, ಕ್ಯಾರೆಟ್ಟು ಕಾಲುಭಾಗ ಇಳಿಯಿತು. ಹುಲ್ಲು ತಿನ್ನುವುದು ಕಂಡ ಮೇಲೆಯೇ ಇಳಿಸಿದ್ದು, ಕ್ಯಾಲೆಂಡರು ನೋಡಿ ಅಲ್ಲ. ಸೊಪ್ಪನ್ನು ಒಂದೊಂದೇ ಬಗೆಯಾಗಿ, ಮೊದಲ ದಿನ ಎರಡೇ ಎಲೆ. ಎರಡು ದಿನ ಹಿಕ್ಕೆ ನೋಡಿ, ಕೆಡದಿದ್ದರೆ ಮುಂದೆ. ಒಟ್ಟಿಗೆ ಮೂರು ಹೊಸ ಸೊಪ್ಪು ಕೊಟ್ಟರೆ, ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹೇಗೆ ಗೊತ್ತಾಗಬೇಕು?

ಈ ಹಿಕ್ಕೆ ನೋಡುವ ಕೆಲಸವೇ ಮುಖ್ಯ. ಅದನ್ನು ಹುಡುಗನಿಗೆ ವಹಿಸಿದೆ. ದಿನಾ ಬೆಳಿಗ್ಗೆ ಗುಡಿಸುವಾಗ ನೋಡುವುದು. ಹಿಕ್ಕೆ ಕಡಲೆಕಾಳಿನ ಗಾತ್ರ, ತಿಳಿ ಕಂದು ಬಣ್ಣ, ಬೆರಳಲ್ಲಿ ಹಿಚುಕಿದರೆ ಹುಲ್ಲಿನ ಹೊಟ್ಟಿನಂತೆ ಉದುರಿದರೆ ಕರುಳು ಚೆನ್ನಾಗಿದೆ. ಸಣ್ಣದಾಗಿ, ಕಪ್ಪಗೆ, ಗಟ್ಟಿಯಾಗಿ ಬಂದರೆ ನಾರು ಸಾಲದು, ನೀರೂ ಸಾಲದು. ಕೂದಲಿನಿಂದ ಪೋಣಿಸಿದ ಮಣಿಸರದಂತೆ ಬಂದರೆ ಮೈ ನೆಕ್ಕಿಕೊಂಡ ಕೂದಲು ಹೊಟ್ಟೆ ಸೇರಿದೆ, ಬಾಚಣಿಗೆ ಹಿಡಿಯಿರಿ, ಹುಲ್ಲು ಹೆಚ್ಚಿಸಿ. ಮೆತ್ತಗೆ ಅಂಟಂಟಾದರೆ ಹೊಸದಾಗಿ ಕೊಟ್ಟ ಸೊಪ್ಪನ್ನು ನಿಲ್ಲಿಸಿ, ಎರಡು ಮೂರು ದಿನ ಒಣಹುಲ್ಲಿನ ಮೇಲೆ ಇಡಿ. ನೀರಿನಂತೆ ಭೇದಿಯಾದರೆ ಮನೆಯಲ್ಲಿ ಕಾಯಬಾರದು. ಅಂದಹಾಗೆ ಗುಡಿಸಿದ ಗಟ್ಟಿ ಹಿಕ್ಕೆಯನ್ನು ಎಸೆಯಬೇಡಿ, ಕರಿಬೇವಿನ ಬುಡಕ್ಕೆ ಹಾಕಿ. ಅದು ನನ್ನ ಇಲಾಖೆಯ ಮಾತು, ಹೇಳದೆ ಇರಲಾರೆ.

ನೀರು ಕಿಲೊ ತೂಕಕ್ಕೆ ದಿನಕ್ಕೆ ೫೦ರಿಂದ ೧೫೦ ಮಿಲಿಲೀಟರು ಬೇಕು. ಒಣಹುಲ್ಲು ತಿನ್ನುವಾಗ ಮೇಲಿನ ಲೆಕ್ಕವೇ. ಮಗುಚದ ಮಣ್ಣಿನ ಬಟ್ಟಲು ಒಳ್ಳೆಯದು.

ಮೂರನೆಯ ವಾರ ತಿಂಡಿ ಅರ್ಧಕ್ಕೆ ಬಂದಿತ್ತು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಯುಗಾದಿ. ಮನೆ ತುಂಬ ನೆಂಟರು, ಮಕ್ಕಳು. ಒಬ್ಬರು ಬಾಳೆಹಣ್ಣು, ಇನ್ನೊಬ್ಬರು ಹೋಳಿಗೆ ಚೂರು, ಯಾರು ಎಷ್ಟು ಕೊಟ್ಟರೋ ಯಾರಿಗೂ ಲೆಕ್ಕವಿಲ್ಲ. ಆ ರಾತ್ರಿ ಬೆಳ್ಳಿ ಹುಲ್ಲು ಮುಟ್ಟಲಿಲ್ಲ. ಬೆಳಿಗ್ಗೆ ಹುಡುಗ ಗುಡಿಸಲು ಹೋದರೆ ಒಂದು ಹಿಕ್ಕೆಯೂ ಇಲ್ಲ. ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ, ಹಲ್ಲು ಕಟಕಟ ಕಡಿಯುತ್ತ ಕೂತಿತ್ತು. ಅವ್ವ ಓಮದ ನೀರು ಕುಡಿಸೋಣ ಅಂದರು. ಹುಡುಗ ಒಪ್ಪಲಿಲ್ಲ. "ಹಿಕ್ಕೆ ಇಲ್ಲ ಅಂದ್ರೆ ಆಸ್ಪತ್ರೆಗೆ ಅಂತ ಸಾರ್ ಹೇಳವ್ರೆ" ಎಂದು ಅಪ್ಪನ ಬೈಕಿನ ಹಿಂದೆ ಬುಟ್ಟಿ ಹಿಡಿದು ಕೂತ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವೈದ್ಯರು ಚರ್ಮದಡಿಗೆ ದ್ರವ ಕೊಟ್ಟು, ನೋವಿಗೆ, ಕರುಳಿನ ಓಟಕ್ಕೆ ಚುಚ್ಚುಮದ್ದು ಹಾಕಿದರು. ಆ ದಿನ ಸಾಯಂಕಾಲ ನಾಲ್ಕು ಹಿಕ್ಕೆ ಬಿತ್ತು. ಅವ್ವ ಅದನ್ನು ಲಕ್ಷ್ಮಿ ಬಂದ ಹಾಗೆ ಎಣಿಸಿದರಂತೆ.

ಇದನ್ನು ಹೇಳಿದ್ದು ಏತಕ್ಕೆಂದರೆ, ಮೊಲ ಹನ್ನೆರಡು ಗಂಟೆ ಕಾಲ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು. ನಾಳೆ ನೋಡೋಣ ಅನ್ನುವ ಹಾಗಿಲ್ಲ. ಆಸ್ಪತ್ರೆ ದೂರವಾದರೆ ೧೯೬೨ಕ್ಕೆ ಫೋನು ಮಾಡಿ ವಿಚಾರಿಸಿ. ನಾನು ಡಿಪ್ಲೊಮಾ ಓದಿದ ಕೃಷಿಯವನು, ಮೇವಿನ ಮಾತು ಹೇಳಬಲ್ಲೆ. ಮದ್ದಿನ ಮಾತು ಪಶುವೈದ್ಯರದು. ಆದರೂ ಒಂದು ಎಚ್ಚರ ಕೊಡಲೇಬೇಕು. ಮಕ್ಕಳಿಗೆ ಜ್ವರ ಬಂದಾಗ ತಂದ ಅಮಾಕ್ಸಿಸಿಲಿನ್ ಸಿರಪ್ಪು ಮನೆಯಲ್ಲಿ ಉಳಿದಿರುತ್ತದೆ. ಅದನ್ನು ಮೊಲದ ಬಾಯಿಗೆ ಹಾಕಬೇಡಿ. ಪೆನಿಸಿಲಿನ್ ಜಾತಿಯ ಮದ್ದು ಬಾಯಿಂದ ಹೋದರೆ ಕುರುಡು ಕರುಳಿನ ಒಳ್ಳೆಯ ಜೀವಾಣುಗಳನ್ನೇ ಕೊಂದು, ರೋಗಕ್ಕಿಂತ ಮುಂಚೆ ಮೊಲವನ್ನು ತೀರಿಸುತ್ತದೆ.

ಬೆಳ್ಳಿ ಚೇತರಿಸಿಕೊಂಡ ಮೇಲೆ ಒಂದು ವಾರ ಏನನ್ನೂ ಬದಲಾಯಿಸದೆ ನಿಂತ ಕಡೆಯೇ ನಿಂತೆವು. ಆಮೇಲೆ ಮತ್ತೆ ಕಾಲುಭಾಗ ಇಳಿಕೆ. ಏಳನೆಯ ವಾರಕ್ಕೆ ಮುದ್ದೆ, ಬಿಸ್ಕತ್ತು ಪೂರ್ತಿ ನಿಂತಿತು. ತಕ್ಕಡಿಯಲ್ಲಿ ೨ ಕಿಲೊ ೪೦೦ ಗ್ರಾಂ. ಇಷ್ಟು ತೂಕದ ಮೊಲ ವಾರಕ್ಕೆ ೩೦, ೪೦ ಗ್ರಾಂ ಇಳಿದರೆ ಸಾಕು. ಒಂದೇ ವಾರದಲ್ಲಿ ೧೦೦ ಗ್ರಾಂ ಬಿದ್ದರೆ ಅವಸರವಾಯಿತೆಂದು ತಿಳಿದು ಹಿಂದಿನ ಮೆಟ್ಟಿಲಿಗೆ ಹೋಗಿ. ಅವ್ವನ ಕಾಫಿಯ ಹೊತ್ತು ಈಗಲೂ ಬೆಳ್ಳಿಯ ಹೊತ್ತೇ. ಬಿಸ್ಕತ್ತಿನ ಬದಲು ಸೊಪ್ಪಿನ ಬಟ್ಟಲು ಪಕ್ಕದಲ್ಲಿರುತ್ತದೆ. ಬೆಳಿಗ್ಗೆಯೇ ಎರಡು ಹಿಡಿ ಅಳೆದು ಹಾಕಿಟ್ಟದ್ದು. ಯಾರು ಬಂದರೂ ಅದರಿಂದಲೇ ಕೊಡಬೇಕು, ಬಟ್ಟಲು ಬರಿದಾದರೆ ಮುಗಿಯಿತು. ಹಬ್ಬದ ಮನೆಗಳಿಗೆ ಈ ಬಟ್ಟಲಿನ ಏರ್ಪಾಡು ಬಹಳ ಅನುಕೂಲ.

ಎಂದಿಗೂ ಕೊಡಬಾರದ್ದು ಕೆಲವು ಇವೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯ ಮೊಳಕೆ, ಬೆಣ್ಣೆಹಣ್ಣು, ಚಾಕೊಲೇಟು. ಬೇಲಿಸಾಲಿನಿಂದ ಸೊಪ್ಪು ತರುವವರು ಕಣಗಿಲೆ, ಎಕ್ಕ, ದತ್ತೂರ, ಲಂಟಾನ ಬೆರೆಯದಂತೆ ನೋಡಿಕೊಳ್ಳಿ. ಕಾಂಗ್ರೆಸ್ ಕಳೆ ಹುಲ್ಲಿನ ಜೊತೆಗೆ ನುಸುಳಿ ಬರುತ್ತದೆ, ಆರಿಸಿ ತೆಗೆಯಿರಿ. ಸುಬಾಬುಲ್ ಸೊಪ್ಪು ಹೆಚ್ಚಾದರೆ ಮೊಲದ ಕೂದಲು ಉದುರುತ್ತದೆ. ಎಳೆಯ ಜೋಳದ ಪೈರಿನ ವಿಷ ದನಕ್ಕೆ ಹೇಗೋ ಇದಕ್ಕೂ ಹಾಗೆಯೇ ಎಂದುಕೊಳ್ಳಿ.

ಕುದುರೆ ಮೆಂತ್ಯದ ವಿಷಯ ಕೇಳುವವರು ಬಹಳ. ಬೆಳೆಯುವ ಮರಿಗೂ ಹಾಲೂಡುವ ತಾಯಿಗೂ ಅದು ಒಳ್ಳೆಯದು. ದೊಡ್ಡ ಮೊಲಕ್ಕೆ ದಿನದ ಮೇವಾಗಿ ಬೇಡ. ಮೊಲದ ಕರುಳು ಮೇವಿನಲ್ಲಿರುವ ಸುಣ್ಣದ ಅಂಶವನ್ನು ಬೇಕಾದದ್ದಕ್ಕಿಂತ ಜಾಸ್ತಿ ಹೀರಿಕೊಂಡು, ಉಳಿದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಅದರ ಮೂತ್ರ ಸ್ವಲ್ಪ ಬೆಳ್ಳಗೆ ಮಸುಕಾಗಿರುವುದು ಸಹಜ. ಹಿಟ್ಟಿನ ನೀರಿನಂತೆ ಗಟ್ಟಿಯಾಗಿ, ಕಷ್ಟಪಟ್ಟು ಹೊಯ್ಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಮರಿ ಕೊಳ್ಳುವವರು ಎಂಟು ವಾರ ತುಂಬದ ಮರಿಯನ್ನು ಕೊಳ್ಳಬೇಡಿ. ಜಾತ್ರೆಯಲ್ಲಿ ಅಂಗೈಯಗಲದ ಮರಿ ಮುದ್ದಾಗಿ ಕಾಣುತ್ತದೆ, ನಿಜ. ಹಾಲು ಬಿಡಿಸಿದ ಹೊಸದರಲ್ಲಿ ಮೇವು ಬದಲಾದರೆ ಮೊದಲು ಸಾಯುವುದು ಅದೇ. ಕೊಂಡಾಗ, ಮಾರುವವನು ಏನು ಹಾಕುತ್ತಿದ್ದನೋ ಅದನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ಕಟ್ಟಿಸಿಕೊಂಡು ಬನ್ನಿ.

ಕ್ರಮ ಕಲಿತ ಮೊಲಕ್ಕೂ ವರ್ಷಕ್ಕೊಂದು ಸಲ ಈ ನಿಧಾನದ ಪಾಠ ಮತ್ತೆ ಬರುತ್ತದೆ. ಮುಂಗಾರಿನ ಮೊದಲ ಮಳೆಗೆ ಬದುವೆಲ್ಲ ಹಸುರಾಗುತ್ತದೆ. ಬೇಸಗೆಯುದ್ದಕ್ಕೂ ಒಣಹುಲ್ಲು ತಿಂದ ಮೊಲಕ್ಕೆ ಆ ಎಳೆ ಗರಿಕೆಯನ್ನು ತಬ್ಬುಗಟ್ಟಲೆ ತಂದು ಸುರಿಯಬೇಡಿ. ಮೊದಲ ದಿನ ಒಂದು ಚಿಟಿಕೆ, ಮೂರು ದಿನ ಬಿಟ್ಟು ಒಂದು ಹಿಡಿ, ಹದಿನೈದು ದಿನಕ್ಕೆ ಬೇಕಾದಷ್ಟು. ಇಬ್ಬನಿಯೋ ಮಳೆನೀರೋ ಇದ್ದರೆ ನೆರಳಿನಲ್ಲಿ ಬಾಡಿಸಿ ಕೊಡಿ. ಕೊಯ್ದು ರಾಶಿ ಹಾಕಿ ಬಿಸಿಯೇರಿದ ಹುಲ್ಲು ಬೇಡ. ಒಣಹುಲ್ಲಿನ ಗೋದಲಿಯನ್ನು ಮಳೆಗಾಲದಲ್ಲೂ ತೆಗೆಯಬೇಡಿ. ಅಟ್ಟದ ಮೇಲೆ ಒಂದು ಹೊರೆ ಮಿಕ್ಕಿರುವ ಹಾಗೆ ಸುಗ್ಗಿಯಲ್ಲೇ ನೋಡಿಕೊಂಡಿರಿ.